ಒಳಗೆ ತಂತಿ, ಅಂಗಳ ದಾಟಿದರೆ ಫೈಬರ್

ಏಪ್ರಿಲ್ ತಿಂಗಳು, ಕೊಡಗಿನ ನಾಪೋಕ್ಲು ಕಡೆಯ ಒಂದು ತೋಟದ ಮನೆ. 1997ರಲ್ಲಿ ಕರಡದಲ್ಲಿ ಶುರುವಾದ ಕೊಡವ ಕೌಟುಂಬಿಕ ಹಾಕಿ ಈಗ ಟಿವಿಯಲ್ಲೇ ಲೈವ್. ಮನೆಯ ಹಿರಿಯರ ದೂರು ಒಂದೇ: "ಸ್ಟಿಕ್ ಬಾಲಿಗೆ ಬಡಿದ ಮೇಲೆ ಸದ್ದು ಬರ್ತದೆ ಮಾರಾಯ."

ಟಿವಿಯ ಸೌಂಡ್‌ಬಾರ್ (ಉದ್ದನೆಯ ಸ್ಪೀಕರ್) ಬ್ಲೂಟೂತ್‌ನಲ್ಲಿತ್ತು. ಧ್ವನಿಯನ್ನು ಕುಗ್ಗಿಸಿ, ಕಳಿಸಿ, ಮತ್ತೆ ಬಿಡಿಸುವಷ್ಟರಲ್ಲಿ 100-200 ಮಿಲಿಸೆಕೆಂಡ್ ತಡವಾಗುವುದು ಸಾಮಾನ್ಯ. ಹಾಡು ಕೇಳುವವರಿಗೆ ಇದು ಗೊತ್ತೇ ಆಗದು, ಹಾಕಿ ನೋಡುವವರಿಗೆ ಹಿಂಸೆ. ಟಿವಿಯಲ್ಲಿ 'ಎಆರ್‌ಸಿ' (ARC, ಧ್ವನಿಯನ್ನು ಟಿವಿಯಿಂದ ಹೊರಗೆ ಕಳಿಸುವ ದಾರಿ) ಎಂದು ಬರೆದಿರುವ ಎಚ್‌ಡಿಎಂಐ ಕಿಂಡಿಯಿಂದ ಸೌಂಡ್‌ಬಾರಿಗೆ ಒಂದು ಗಿಡ್ಡ ಕೇಬಲ್ ಹಾಕಿದೆ. ಸರಿಹೋಯಿತು.

ಇಲ್ಲಿನ ಹಳೆಯ ಮನೆಗಳ ಗೋಡೆ ದಪ್ಪ. ವೈಫೈಯ 5 ಗಿಗಾಹರ್ಟ್ಸ್ ಅಲೆ ಎರಡು ಗೋಡೆ ದಾಟುವಷ್ಟರಲ್ಲಿ ಸೊರಗುತ್ತದೆ. 2.4 ಗಿಗಾಹರ್ಟ್ಸಿನದು ದಾಟೀತು, ಆದರೆ ಬ್ಲೂಟೂತ್, ಮೈಕ್ರೋವೇವ್ ಓವನ್ ಎಲ್ಲವೂ ಅದೇ ದಾರಿಯಲ್ಲಿ ನುಗ್ಗುತ್ತವೆ. ಹಾಗಾಗಿ ಜಾಗ ಬಿಟ್ಟು ಕದಲದ ಟಿವಿಗೆ ರೂಟರಿನಿಂದ ಕ್ಯಾಟ್ 6 ಕೇಬಲ್ (ಇಂಟರ್ನೆಟ್ ಒಯ್ಯುವ ತಾಮ್ರದ ತಂತಿ) ಎಳೆಸಿ. 100 ಮೀಟರ್‌ವರೆಗೆ ಚಿಂತೆಯಿಲ್ಲ. ಕೊಳ್ಳುವಾಗ ತುದಿಯ ತಂತಿಯನ್ನು ಬ್ಲೇಡಿನಿಂದ ಕೆರೆದು ನೋಡಿ. ಒಳಗೆ ಬೆಳ್ಳಗಿದ್ದರೆ ಅದು ತಾಮ್ರದ ಲೇಪವಿರುವ ಅಲ್ಯೂಮಿನಿಯಂ, ಬೇಡ. ಸ್ಪೀಕರ್ ವೈರಿಗೂ ಇದೇ ಮಾತು. ಮಹಡಿಯ ಪ್ರೊಜೆಕ್ಟರಿಗೆ 15 ಮೀಟರ್ ಎಚ್‌ಡಿಎಂಐ ಬೇಕಾದರೆ ತಾಮ್ರದ್ದನ್ನು ನಂಬಬೇಡಿ, ಆಪ್ಟಿಕಲ್ ಎಚ್‌ಡಿಎಂಐ ಕೇಬಲ್ ತನ್ನಿ. ಅದಕ್ಕೆ ದಿಕ್ಕುಂಟು, ಪೈಪಿನೊಳಗೆ ತೂರಿಸುವ ಮೊದಲೇ ಯಾವ ತುದಿ ಎಲ್ಲಿಗೆಂದು ನೋಡಿಕೊಳ್ಳಿ.

ಇಷ್ಟೆಲ್ಲ ತಂತಿಯ ಪರ ಹೇಳುವ ನಾನೇ ಅಂಗಳದಾಚೆಗೆ ತಾಮ್ರ ಬೇಡ ಎನ್ನುತ್ತೇನೆ. ಹಿಂದೊಮ್ಮೆ ಮನೆಯಿಂದ ಹೋಂಸ್ಟೇ ಕಾಟೇಜಿಗೆ 60 ಮೀಟರ್ ಕ್ಯಾಟ್ 6 ಎಳೆದುಕೊಟ್ಟಿದ್ದೆ. ಮುಂಗಾರಿಗೆ ಮುಂಚಿನ ಒಂದು ಸಂಜೆ ಪಕ್ಕದ ಸಿಲ್ವರ್ ಓಕ್ ಮರಕ್ಕೆ ಸಿಡಿಲು ಬಡಿಯಿತು. ಕೇಬಲಿಗೆ ತಾಗಲೂ ಇಲ್ಲ. ಆದರೂ ಅಷ್ಟು ಉದ್ದದ ತಂತಿಯಲ್ಲಿ ಹುಟ್ಟಿದ ವಿದ್ಯುತ್ತಿಗೆ ಎರಡೂ ಕಡೆಯ ರೂಟರ್, ಟಿವಿ ಸುಟ್ಟವು. ತಪ್ಪು ನನ್ನದೇ. ಈಗ ಕಟ್ಟಡದಿಂದ ಕಟ್ಟಡಕ್ಕೆ ಫೈಬರ್ ಮಾತ್ರ ಎಳೆಯುತ್ತೇನೆ, ಎರಡು ತುದಿಗೂ ಬೆಳಕಿನ ಸಂಕೇತವನ್ನು ತಂತಿಯ ಸಂಕೇತಕ್ಕೆ ಬದಲಿಸುವ ಮೀಡಿಯಾ ಕನ್ವರ್ಟರ್. ಗಾಜಿನ ಎಳೆಯಲ್ಲಿ ವಿದ್ಯುತ್ ಹರಿಯದು. ಆದರೆ ಬಹಳಷ್ಟು ಫೈಬರ್ ಕೇಬಲುಗಳ ಪಕ್ಕದಲ್ಲಿ ಆಸರೆಗೆ ಉಕ್ಕಿನ ತಂತಿ ಇರುತ್ತದೆ. ಲೋಹವೇ ಇಲ್ಲದ್ದನ್ನು ಕೇಳಿ ತನ್ನಿ.

ಇನ್ನು ಡಿಶ್ ಕೇಬಲ್. ಮಳೆಯ ದಿನ ಪ್ಲಗ್ ಕಿತ್ತಿಡುವವರೂ ಅದನ್ನು ಮರೆಯುತ್ತಾರೆ. ಮಾಡಿನ ಮೇಲಿಂದ ನೇರ ಸೆಟ್‌ಟಾಪ್ ಬಾಕ್ಸಿಗೆ ಬರುವ ತಾಮ್ರ ಅದು. ಮೋಡ ಕಟ್ಟುವಾಗಲೇ ತಿರುಗಿಸಿ ಬಿಚ್ಚಿಡಿ. ಗುಡುಗು ಶುರುವಾದ ಮೇಲೆ ಮುಟ್ಟಲು ಹೋಗಬೇಡಿ.