ಗಾಳಿ ತಾಗಿದರೆ ನೀಲಿಯಾಗುವ ಕಬ್ಬಿಣ

ಹೊಳಲ್ಕೆರೆ, ಹೊಸದುರ್ಗದ ಕಡೆ ಗಣಿ ಲಾರಿ ಓಡಾಡುವ ರಸ್ತೆಯಲ್ಲಿ ಕಬ್ಬಿಣ ಅಂದರೆ ಕೆಂಪು. ದಾರಿ ಕೆಂಪು, ಬೇಲಿಯ ಗಿಡ ಕೆಂಪು, ಮನೆಯ ಗೋಡೆಯೂ ಕೆಂಪು. ಆದರೆ ಇದೇ ಕಬ್ಬಿಣ ಗಾಳಿಯಾಡದ ಕೆಸರಿನಲ್ಲಿ ರಂಜಕದ ಜೊತೆ ಸೇರಿ ಹರಳಾದರೆ ಅದಕ್ಕೆ ಬಣ್ಣವೇ ಇರುವುದಿಲ್ಲ. ಆ ಹರಳನ್ನು ಹೊರಗೆ ತೆಗೆದು ಬೆಳಕಿನಲ್ಲಿಟ್ಟರೆ ನೀಲಿಗೆ ತಿರುಗಲು ಶುರುವಾಗುತ್ತದೆ. ಮೊದಲು ತಿಳಿ ನೀಲಿ, ಆಮೇಲೆ ಕಡು ನೀಲಿ ಅಥವಾ ಹಸಿರು, ಕೊನೆಗೆ ಹೆಚ್ಚುಕಡಿಮೆ ಕಪ್ಪು. ಈ ಖನಿಜದ ಹೆಸರು ವಿವಿಯನೈಟ್.

ಇಂಗ್ಲೆಂಡಿನ ಕಾರ್ನ್‌ವಾಲ್ ಗಣಿಯಲ್ಲಿ ಸಿಕ್ಕ ಹರಳಿಗೆ 1817ರಲ್ಲಿ ಜರ್ಮನಿಯ ಭೂವಿಜ್ಞಾನಿ ಅಬ್ರಹಾಂ ವರ್ನರ್ ಈ ಹೆಸರಿಟ್ಟರು. ಅದು ಜಾನ್ ಹೆನ್ರಿ ವಿವಿಯನ್ ಎಂಬ ಖನಿಜ ಸಂಗ್ರಹಕಾರರ ನೆನಪಿನ ಹೆಸರು. ಹರಳು ಬಹಳ ಮೆದು. ಉಗುರಿನಿಂದ ಕೆರೆದರೂ ಗೀರು ಬೀಳುತ್ತದೆ. ಒಂದು ದಿಕ್ಕಿನಲ್ಲಿ ತೆಳ್ಳಗೆ ಪದರಪದರವಾಗಿ ಬಿಡಿಸಿಕೊಳ್ಳುತ್ತದೆ. ಅದಿರಿನ ಕಲ್ಲು ಎತ್ತಿ ಅಭ್ಯಾಸ ಇರುವವರಿಗೆ ಇದು ಹಗುರ ಅನ್ನಿಸುತ್ತದೆ, ಏಕೆಂದರೆ ತೂಕದ ಕಾಲು ಭಾಗಕ್ಕಿಂತ ಜಾಸ್ತಿ ಬರೀ ನೀರು. 100 ಗ್ರಾಂ ವಿವಿಯನೈಟ್‌ನಲ್ಲಿ ಸುಮಾರು 33 ಗ್ರಾಂ ಕಬ್ಬಿಣ, 12 ಗ್ರಾಂ ರಂಜಕ, 29 ಗ್ರಾಂ ನೀರು ಇರುತ್ತದೆ. ಉಳಿದದ್ದು ರಂಜಕಕ್ಕೆ ಅಂಟಿಕೊಂಡ ಆಮ್ಲಜನಕ.

ಬಣ್ಣ ಬದಲಾಗುವುದು ಯಾಕೆ? ಕಬ್ಬಿಣಕ್ಕೆ ಮುಖ್ಯವಾಗಿ ಎರಡು ಸ್ಥಿತಿ. ಗಾಳಿ ಸಿಗದ ಜಾಗದಲ್ಲಿ ಎರಡು ಎಲೆಕ್ಟ್ರಾನ್ ಕಳೆದುಕೊಂಡ ಫೆರಸ್ ಕಬ್ಬಿಣ. ಗಾಳಿ ಸಿಕ್ಕರೆ ಇನ್ನೊಂದನ್ನೂ ಕಳೆದುಕೊಂಡು ಫೆರಿಕ್ ಆಗುತ್ತದೆ, ತುಕ್ಕಿನಲ್ಲಿರುವುದು ಅದೇ. ಹೊಸ ಹರಳಿನಲ್ಲಿ ಇರುವುದೆಲ್ಲ ಫೆರಸ್. ಹೊರಗೆ ಬಂದಾಗ ಅಲ್ಲೊಂದು ಇಲ್ಲೊಂದು ಪರಮಾಣು ಫೆರಿಕ್ ಆಗುತ್ತದೆ. ಆಗ ಪಕ್ಕಪಕ್ಕದಲ್ಲಿ ಕೂತ ಎರಡು ಬಗೆಯ ಕಬ್ಬಿಣದ ನಡುವೆ ಎಲೆಕ್ಟ್ರಾನ್ ಜಿಗಿದಾಡಬಹುದು. ಆ ಜಿಗಿತಕ್ಕೆ ಬೇಕಾದ ಶಕ್ತಿಯನ್ನು ಅದು ಬೆಳಕಿನ ಕೆಂಪು, ಹಳದಿ ಭಾಗದಿಂದ ಕಸಿದುಕೊಳ್ಳುತ್ತದೆ. ನಮ್ಮ ಕಣ್ಣಿಗೆ ಉಳಿಯುವುದು ನೀಲಿ. ಕೊಯ್ದಿಟ್ಟ ಬದನೆಕಾಯಿ ಕಪ್ಪಾಗುವ ಹಾಗೆ ಇದೂ ಗಾಳಿಯ ಕೆಲಸ ಅಂದುಕೊಳ್ಳಬಹುದು, ಆದರೆ ಇಲ್ಲಿ ಬೆಳಕಿನ ಪಾಲೂ ದೊಡ್ಡದು. ಬೆಳಕು ಬಿದ್ದರೆ ಹರಳಿನೊಳಗಿನ ನೀರೇ ಒಡೆದು ಕಬ್ಬಿಣ ಫೆರಿಕ್ ಆಗಬಲ್ಲದು. ಅದಕ್ಕೇ ಮ್ಯೂಸಿಯಂಗಳಲ್ಲಿ ಒಳ್ಳೆಯ ಮಾದರಿಗಳನ್ನು ಕತ್ತಲೆಯ ಡ್ರಾಯರಿನಲ್ಲಿಡುತ್ತಾರೆ. ಫೆರಿಕ್ ತುಂಬಾ ಜಾಸ್ತಿಯಾದರೆ ಹರಳಿನ ಕಟ್ಟಡವೇ ಕುಸಿದು ಕಂದು ಪುಡಿ ಉಳಿಯುತ್ತದೆ.

ಇದು ಸಿಗುವ ಜಾಗಗಳೂ ವಿಚಿತ್ರ. ಬೊಲಿವಿಯಾದ ತವರದ ಗಣಿಗಳಲ್ಲಿ ಸುಂದರ ಹಸಿರು ಹರಳುಗಳು ಸಿಕ್ಕಿವೆ. ಕ್ಯಾಮೆರೂನಿನ ಅನ್ಲೂವಾದಲ್ಲಿ ಜೇಡಿಮಣ್ಣಿನೊಳಗೆ ಮೀಟರ್ ಉದ್ದದ ಹರಳುಗಳು ಬೆಳೆದಿವೆ. ಮೂಳೆಯಲ್ಲಿ ರಂಜಕ ಇರುವುದರಿಂದ, ಕೆಸರಿನಲ್ಲಿ ಹೂತ ಮೂಳೆ, ಅಳಿದುಹೋದ ಆನೆ ಜಾತಿಯಾದ ಮ್ಯಾಮತ್‌ನ ದಂತಗಳ ಮೇಲೂ ಇದು ಬೆಳೆಯುತ್ತದೆ. 1991ರಲ್ಲಿ ಆಲ್ಪ್ಸ್ ಹಿಮದಲ್ಲಿ ಸಿಕ್ಕ, 5000 ವರ್ಷಕ್ಕೂ ಹಳೆಯ ಮನುಷ್ಯ ಓಟ್ಸಿಯ ಚರ್ಮದ ಮೇಲಿದ್ದ ನೀಲಿ ಚುಕ್ಕೆಗಳೂ ವಿವಿಯನೈಟೇ. ನ್ಯೂಜಿಲೆಂಡಿನ ಮಾವೊರಿಗಳು ಇದರ ನೀಲಿ ಮಣ್ಣನ್ನು ಬಣ್ಣವಾಗಿ ಬಳಸುತ್ತಿದ್ದರು.

ಇಷ್ಟು ಹೇಳಿ ನಿಲ್ಲಿಸಬಹುದಿತ್ತು. ಆದರೆ ನನಗೆ ಈ ಖನಿಜ ಮುಖ್ಯ ಅನ್ನಿಸುವುದು ಬಣ್ಣಕ್ಕಲ್ಲ. ಕಬ್ಬಿಣ ಮತ್ತು ರಂಜಕದ ಈ ಸ್ನೇಹವೇ ನಮ್ಮ ಹೊಲದ ಗೊಬ್ಬರದ ಲೆಕ್ಕವನ್ನೂ ನಡೆಸುತ್ತದೆ.

50 ಕೆಜಿಯ ಒಂದು ಡಿಎಪಿ ಚೀಲ ತಂದರೆ ಅದರಲ್ಲಿ ನಿಜವಾದ ರಂಜಕ ಸುಮಾರು 10 ಕೆಜಿ. ಕೆಂಪು ಮಣ್ಣಿಗೆ ಹಾಕಿದ ತಕ್ಷಣ ಅದರ ಬಹುಪಾಲನ್ನು ಮಣ್ಣಿನ ಫೆರಿಕ್ ಕಬ್ಬಿಣ ಮತ್ತು ಅಲ್ಯುಮಿನಿಯಂ ಹಿಡಿದಿಟ್ಟುಕೊಳ್ಳುತ್ತವೆ. ಎರೆ ಭೂಮಿಯಲ್ಲಿ ಆ ಕೆಲಸ ಸುಣ್ಣದ್ದು. ಗೊಬ್ಬರ ಎಲ್ಲೂ ಹೋಗಿರುವುದಿಲ್ಲ, ಮಣ್ಣಲ್ಲೇ ಇರುತ್ತದೆ, ಬೇರಿಗೆ ಮಾತ್ರ ಸಿಗುವುದಿಲ್ಲ.

ಈಗ ಭದ್ರಾ ಅಚ್ಚುಕಟ್ಟಿಗೆ ಬನ್ನಿ. ಮಲೇಬೆನ್ನೂರು, ಹರಿಹರದ ಕಡೆ ನಾಲೆ ನೀರು ಬಿಟ್ಟು ಗದ್ದೆ ಕೆಸರು ಮಾಡಿದರೆ ಕೆಲವೇ ದಿನಗಳಲ್ಲಿ ಮಣ್ಣೊಳಗಿನ ಗಾಳಿ ಖಾಲಿ. ಬ್ಯಾಕ್ಟೀರಿಯಾಗಳು ಉಸಿರಾಟಕ್ಕೆ ಆಮ್ಲಜನಕದ ಬದಲು ಫೆರಿಕ್ ಕಬ್ಬಿಣವನ್ನೇ ಬಳಸಿ ಅದನ್ನು ಫೆರಸ್ ಮಾಡುತ್ತವೆ. ಫೆರಸ್ ನೀರಿನಲ್ಲಿ ಕರಗುತ್ತದೆ, ಹಿಡಿದಿಟ್ಟಿದ್ದ ರಂಜಕ ಸಡಿಲವಾಗಿ ಭತ್ತಕ್ಕೆ ಸಿಗುತ್ತದೆ. ಒಂದು ಪೈರು ಕಿತ್ತು ಬೇರು ತೊಳೆದು ನೋಡಿ. ಕೆಸರು ಬೂದು ಬಣ್ಣ, ಬೇರಿನ ಮೇಲೆ ಮಾತ್ರ ಕಿತ್ತಳೆ ಬಣ್ಣದ ತುಕ್ಕಿನ ಲೇಪ. ಭತ್ತ ಎಲೆಯಿಂದ ಬೇರಿಗೆ ಗಾಳಿ ಇಳಿಸುತ್ತದೆ, ಬೇರಿನಿಂದ ಸೋರಿದ ಆಮ್ಲಜನಕಕ್ಕೆ ಸಿಕ್ಕ ಕಬ್ಬಿಣ ಅಲ್ಲೇ ತುಕ್ಕಾಗಿ ಕೂರುತ್ತದೆ. ಎರಡು ಬಗೆಯ ಕಬ್ಬಿಣವನ್ನು ಒಂದೇ ಕೈಯಲ್ಲಿ ಹಿಡಿದು ನೋಡಲು ಇದಕ್ಕಿಂತ ಒಳ್ಳೆಯ ಜಾಗ ಇಲ್ಲ.

ಭತ್ತ ಕೊಯ್ದು, ಗದ್ದೆ ಒಣಗಿಸಿ ಮೆಕ್ಕೆಜೋಳ ಬಿತ್ತಿದರೆ ಆಟ ತಿರುಗಾಮುರುಗಾ. ಗಾಳಿ ಒಳಗೆ ಬಂದು ಫೆರಸ್ ಮತ್ತೆ ಫೆರಿಕ್ ಆಗುತ್ತದೆ. ಆಗತಾನೇ ಹುಟ್ಟಿದ ತುಕ್ಕು ರಂಜಕವನ್ನು ಮೊದಲಿಗಿಂತ ಬಿಗಿಯಾಗಿ ಹಿಡಿಯುತ್ತದೆ. ಅದಕ್ಕೇ ಭತ್ತದ ನಂತರದ ಒಣ ಬೆಳೆಗೆ ರಂಜಕದ ಗೊಬ್ಬರ ಮರೆಯಬಾರದು ಎನ್ನುತ್ತಾರೆ ಮಣ್ಣು ತಜ್ಞರು. ಎರಡೂ ಬೆಳೆಗೆ ಒಂದೇ ಲೆಕ್ಕದಲ್ಲಿ ಡಿಎಪಿ ಸುರಿಯುವುದು ದುಡ್ಡು ಪೋಲು ಮಾಡಿದಂತೆ.

ಕೆಸರಿನಲ್ಲಿ ಫೆರಸ್ ಮತ್ತು ಫಾಸ್ಫೇಟ್ (ಆಮ್ಲಜನಕ ಅಂಟಿಕೊಂಡ ರಂಜಕ) ಎರಡೂ ಜಾಸ್ತಿ ಸೇರಿದಾಗ ವಿವಿಯನೈಟ್ ಹುಟ್ಟುತ್ತದೆ. ಗಂಧಕ ಮಾತ್ರ ಅದರ ಶತ್ರು. ಕೊಳೆತ ಮೊಟ್ಟೆಯ ವಾಸನೆ ಬರುವ ಕಪ್ಪು ಕೆಸರಿನಲ್ಲಿ ಕಬ್ಬಿಣವನ್ನೆಲ್ಲ ಗಂಧಕ ಕಿತ್ತುಕೊಂಡಿರುತ್ತದೆ, ರಂಜಕಕ್ಕೆ ಜೊತೆ ಉಳಿಯುವುದಿಲ್ಲ. ಸಮುದ್ರದ ನೀರಿನಲ್ಲಿ ಗಂಧಕವಿರುವ ಸಲ್ಫೇಟ್ ಹೇರಳ. ಹಾಗಾಗಿ ಈ ಖನಿಜಕ್ಕೆ ಸಿಹಿ ನೀರಿನ ಕೆರೆ, ಜೌಗು ಹೆಚ್ಚು ಒಗ್ಗುತ್ತದೆ.

ಇನ್ನೊಂದು ಜಾಗ ಒಳಚರಂಡಿ ನೀರಿನ ಶುದ್ಧೀಕರಣ ಘಟಕ. ನೀರಿನಿಂದ ಫಾಸ್ಫೇಟ್ ತೆಗೆಯಲು ಅಲ್ಲಿ ಕಬ್ಬಿಣದ ಲವಣ ಹಾಕುತ್ತಾರೆ. ಹೀಗೆ ತಳದಲ್ಲಿ ಕೂತ ಗಸಿ ಗಾಳಿಯಿಲ್ಲದ ತೊಟ್ಟಿಯಲ್ಲಿ ಕೊಳೆಯುವಾಗ ವಿವಿಯನೈಟ್ ತಾನಾಗಿಯೇ ಬೆಳೆಯುತ್ತದೆ. ಕಬ್ಬಿಣ ಸಾಕಷ್ಟಿದ್ದರೆ ಗಸಿಯಲ್ಲಿರುವ ರಂಜಕದ ದೊಡ್ಡ ಪಾಲು ಇದೇ ರೂಪಕ್ಕೆ ಬರುತ್ತದೆ ಎಂದು ಯುರೋಪಿನ ಅಧ್ಯಯನಗಳು ತೋರಿಸಿವೆ. ವಿವಿಯನೈಟ್ ಬಲವಾದ ಆಯಸ್ಕಾಂತಕ್ಕೆ ಸ್ವಲ್ಪ ಎಳೆಯಲ್ಪಡುತ್ತದೆ. ಈ ಗುಣ ಹಿಡಿದು ಗಸಿಯಿಂದ ಅದನ್ನು ಬೇರ್ಪಡಿಸುವ ಪ್ರಯೋಗ ನೆದರ್ಲೆಂಡ್ಸ್‌ನಲ್ಲಿ ನಡೆದಿದೆ. ಆಮೇಲೆ ಕ್ಷಾರದಲ್ಲಿ ಕರಗಿಸಿದರೆ ಫಾಸ್ಫೇಟ್ ಗೊಬ್ಬರಕ್ಕೆ ಸಿಗುತ್ತದೆ, ಕಬ್ಬಿಣವನ್ನು ಮತ್ತೆ ಬಳಸಬಹುದು. ರಾಜಸ್ಥಾನದ ಉದಯಪುರದ ಹತ್ತಿರ ಝಾಮರ್‌ಕೋಟ್ರಾದಲ್ಲಿ ರಂಜಕದ ಕಲ್ಲಿನ ಗಣಿ ಇದ್ದರೂ ನಮ್ಮ ದೇಶಕ್ಕೆ ಬೇಕಾದ ರಂಜಕದ ಬಹುಭಾಗ ಹೊರಗಿನಿಂದ ಹಡಗಿನಲ್ಲಿ ಬರುತ್ತದೆ. ಹೀಗಿರುವಾಗ ಚರಂಡಿಯಲ್ಲಿ ಹರಿದುಹೋಗುವ ರಂಜಕವನ್ನು ಬಿಟ್ಟುಬಿಡುವುದು ನನಗೆ ಸರಿ ಕಾಣುವುದಿಲ್ಲ.

ಸ್ಪೇನಿನಲ್ಲಿ ಇನ್ನೊಂದು ಉಪಯೋಗ ಕಂಡುಕೊಂಡರು. ಸುಣ್ಣ ಜಾಸ್ತಿ ಇರುವ ಮಣ್ಣಿನಲ್ಲಿ ಕಬ್ಬಿಣ ಸಿಗದೆ ಆಲಿವ್ ಮರದ ಎಲೆ ಹಳದಿಯಾಗುತ್ತಿತ್ತು. ವಿವಿಯನೈಟ್ ಪುಡಿ ನೀರಿಗೆ ಕಲಸಿ ಬುಡದ ಮಣ್ಣಿಗೆ ಇಳಿಸಿದಾಗ ಎಲೆ ಹಸಿರಾಯಿತು, ಪರಿಣಾಮ ವರ್ಷಕ್ಕೂ ಮಿಕ್ಕಿ ಉಳಿಯಿತು. ನಮ್ಮಲ್ಲೂ ಸುಣ್ಣದ ಎರೆ ಹೊಲದಲ್ಲಿ ಶೇಂಗಾದ ಎಳೆ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿಯುವುದು ಇದೇ ಕೊರತೆ. ಅದಕ್ಕೆ ಈಗ ಅನ್ನಭೇದಿ (ಫೆರಸ್ ಸಲ್ಫೇಟ್) ಸಿಂಪಡಿಸುತ್ತಾರೆ, ಹೊಸ ಎಲೆ ಬಂದಾಗ ಮತ್ತೆ ಸಿಂಪಡಿಸಬೇಕು. ಹಿರಿಯೂರಿನ ಬಬ್ಬೂರು ಫಾರ್ಮ್‌ನಂಥ ಕೃಷಿ ಸಂಶೋಧನಾ ಕೇಂದ್ರದಲ್ಲಿ ಶೇಂಗಾ ಸಾಲಿಗೆ ಒಂದು ಹಿಡಿ ವಿವಿಯನೈಟ್ ಹಾಕಿ ನೋಡಿದರೆ, ಒಂದೇ ಹಂಗಾಮಿನಲ್ಲಿ ಉತ್ತರ ಸಿಗುತ್ತದೆ.