ಬಿದ್ದದ್ದು ಯಾರ ಲೆಕ್ಕಕ್ಕೆ?

ಮಂಚದ ಪಕ್ಕದಲ್ಲೇ ಚಾಪೆ ಹಾಸಿಕೊಂಡು ಮಗಳು ಮಲಗಿದ್ದಾಳೆ. ಅವಳನ್ನು ಎಬ್ಬಿಸಲು ಮನಸ್ಸಾಗದ ತಂದೆ ಮೂತ್ರಕ್ಕೆ ಅವಸರವಾಗಿ ಎದ್ದು, ಡ್ರಿಪ್ ಸ್ಟ್ಯಾಂಡನ್ನೇ ಊರುಗೋಲು ಮಾಡಿಕೊಂಡು, ಅವಳನ್ನು ದಾಟಲು ಕಾಲೆತ್ತುತ್ತಾರೆ. ರಕ್ತದೊತ್ತಡದ ಮಾತ್ರೆ, ನಿದ್ದೆಯ ಮಾತ್ರೆ ಎರಡೂ ಒಳಗಿರುವುದರಿಂದ ಎದ್ದೊಡನೆ ತಲೆ ಸುತ್ತುತ್ತದೆ. ಬೆಂಗಳೂರಿನ ಜನರಲ್ ವಾರ್ಡುಗಳನ್ನು ಬಲ್ಲವರಿಗೆ ಇದು ಹೊಸ ದೃಶ್ಯವೇನಲ್ಲ.

ಇಂಥ ಬೀಳುವಿಕೆಯನ್ನು ಕೇಸ್ ಶೀಟಿನಲ್ಲಿ ‘ಜಾರಿ ಬಿದ್ದರು’ ಎಂಬ ಒಂದು ಸಾಲಿಗೆ ಮುಗಿಸಿ, ಪಾಳಿಯಲ್ಲಿದ್ದ ಸಿಸ್ಟರ್‌ಗೆ ಮೆಮೊ ಕೊಡುವುದು ಹಳೆಯ ವಾಡಿಕೆ. ಬೀಳುವುದನ್ನು ಮೊದಲೇ ಅಂದಾಜಿಸಬಹುದು ಎಂಬ ವಿಚಾರಕ್ಕೆ ಬಲ ಬಂದದ್ದು, ನರ್ಸಿಂಗ್ ಸಂಶೋಧಕಿ ಜಾನಿಸ್ ಮೋರ್ಸ್ ರೂಪಿಸಿದ ಅಳತೆಗೋಲು 1980ರ ದಶಕದಲ್ಲಿ ಬಳಕೆಗೆ ಬಂದಾಗ. ಹಿಂದೆ ಬಿದ್ದಿದ್ದರೆ 25 ಅಂಕ, ಡ್ರಿಪ್ ಹಾಕಿದ್ದರೆ 20, ಮೇಜು ಮಂಚ ಹಿಡಿದು ನಡೆಯುವವರಿಗೆ 30; ಒಟ್ಟು 45 ದಾಟಿದರೆ ಅಪಾಯ ಹೆಚ್ಚೆಂದು ಎಣಿಸುವುದು ರೂಢಿ. ಮೇಲಿನ ತಂದೆಗೆ ಡ್ರಿಪ್ಪಿನ ಅಂಕವಂತೂ ಸಂಜೆಯೇ ಬಿದ್ದಿರುತ್ತದೆ.

ಆಸ್ಪತ್ರೆಯ ತಪ್ಪುಗಳಿಂದ ವರ್ಷಕ್ಕೆ 44,000ದಿಂದ 98,000 ಜನ ಸಾಯುತ್ತಿರಬಹುದೆಂದು 1999ರಲ್ಲಿ ಅಮೆರಿಕದ ವರದಿಯೊಂದು ಹೇಳಿದ ಮೇಲೆ, ‘ಯಾರ ತಪ್ಪು’ ಎಂಬುದಕ್ಕಿಂತ ‘ವ್ಯವಸ್ಥೆ ಎಲ್ಲಿ ಎಡವಿತು’ ಎಂಬ ಪ್ರಶ್ನೆ ಮುಂದೆ ಬಂತು. ಆದರೆ ಆಸ್ಪತ್ರೆಯೊಳಗೆ ಬಿದ್ದು ಆದ ಗಾಯದ ಹೆಚ್ಚುವರಿ ವೆಚ್ಚವನ್ನು ಭರಿಸುವುದಿಲ್ಲವೆಂದು ಅಲ್ಲಿನ ಸರ್ಕಾರಿ ವಿಮೆ ಮೆಡಿಕೇರ್ 2008ರಲ್ಲಿ ನಿಯಮ ತಂದಾಗ, ರೋಗಿಗಳನ್ನು ಮಂಚ ಬಿಟ್ಟು ಏಳದಂತೆ ತಡೆಯುವುದೇ ಸುಲಭದ ದಾರಿಯಾದೀತೆಂಬ ಆತಂಕ ಹುಟ್ಟಿತು. ಮಲಗಿದಲ್ಲೇ ಇಟ್ಟರೆ ಕಾಲಿನ ಕಸುವು ಕುಂದಿ, ಮುಂದೆ ಬೀಳುವ ಸಾಧ್ಯತೆಯೇ ಹೆಚ್ಚುತ್ತದೆ.

ನಮ್ಮಲ್ಲಿ ಹಾದಿ ಬೇರೆಯಾಗಿತ್ತು. ವೈದ್ಯಕೀಯ ಸೇವೆಯೂ ಗ್ರಾಹಕ ಕಾನೂನಿನ ವ್ಯಾಪ್ತಿಗೆ ಬರುತ್ತದೆಂದು 1995ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ರೋಗಿಗಳಿಗೆ ಬಲ ತಂದರೂ, ಬರೆದಿಟ್ಟದ್ದೇ ಸಾಕ್ಷಿಯಾದೀತೆಂಬ ಅಳುಕನ್ನೂ ಆಸ್ಪತ್ರೆಗಳಲ್ಲಿ ಉಳಿಸಿತು. ಆಮೇಲೆ ಬಂದ ಎನ್‌ಎಬಿಎಚ್ (ಆಸ್ಪತ್ರೆಗಳ ಗುಣಮಟ್ಟಕ್ಕೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಕಡ್ಡಾಯವಲ್ಲ. ಅದನ್ನು ಬಯಸುವ ಆಸ್ಪತ್ರೆ ಬೀಳುವಿಕೆಗಳ ಲೆಕ್ಕ ಇಡಬೇಕು. ಒಬ್ಬ ರೋಗಿ ಒಂದು ದಿನ ಇದ್ದರೆ ಒಂದು ರೋಗಿ-ದಿನ; 30 ಹಾಸಿಗೆಯ ವಾರ್ಡು ತಿಂಗಳಿಡೀ ತುಂಬಿದ್ದರೆ 900 ರೋಗಿ-ದಿನಗಳು. ಇಬ್ಬರು ಬಿದ್ದರೆ ಸಾವಿರ ರೋಗಿ-ದಿನಗಳಿಗೆ 2.2. ತಿಂಗಳುಗಟ್ಟಲೆ ಸೊನ್ನೆ ತೋರಿಸುವ ವಾರ್ಡನ್ನು ಮೆಚ್ಚುವ ಮೊದಲು ಅಲ್ಲಿ ಇನ್ಸಿಡೆಂಟ್ ರಿಪೋರ್ಟ್ ಬರೆದವರಿಗೆ ಏನಾಗುತ್ತದೆಂದು ವಿಚಾರಿಸುವುದು ಒಳ್ಳೆಯದು. ಬರೆಯುವ ಧೈರ್ಯ ಬಂದಾಗ ಅಂಕಿ ಮೊದಲು ಏರುತ್ತದೆ. ಅದನ್ನು ಹಿನ್ನಡೆಯೆಂದು ಓದುವ ಆಡಳಿತ ಮರುತಿಂಗಳೇ ಸೊನ್ನೆಯನ್ನು ಪಡೆಯುತ್ತದೆ.

ಈ ಲೆಕ್ಕಕ್ಕೆ ಸುಲಭವಾಗಿ ಸಿಗದವರು ರೋಗಿಯ ಜೊತೆಗಿರುವ ಮನೆಯವರು. ವಿದೇಶದಿಂದ ಬಂದ ನಮೂನೆಗಳು ಸಿಬ್ಬಂದಿ ಕಂಡದ್ದನ್ನೇ ಹೆಚ್ಚಾಗಿ ನೆಚ್ಚಿಕೊಂಡಿವೆ. ಇಲ್ಲಿ ರಾತ್ರಿಯ ಅರ್ಧ ಆರೈಕೆ ಮನೆಯವರದು. ತಂದೆ ಬಿದ್ದರೆ ಮಗಳೇ ಎತ್ತಿ ಕೂರಿಸುತ್ತಾಳೆ, ಸಿಸ್ಟರ್ ಬೈದಾರೆಂದು ಇಬ್ಬರೂ ಸುಮ್ಮನಾಗುತ್ತಾರೆ. ಬೆಳಗಿನ ರೌಂಡ್ಸಿನಲ್ಲಿ ಸೊಂಟದ ನೋವು ಹೇಳಿಕೊಂಡಾಗ ಡಾಕ್ಟರು ಎಕ್ಸ್‌ರೇ ಬರೆಯುತ್ತಾರೆ; ಅಷ್ಟರಲ್ಲಿ ರಾತ್ರಿ ಪಾಳಿಯವರು ಮನೆ ಸೇರಿರುತ್ತಾರೆ.