ಕಾಡಿನ ಖರ್ಚು ಯಾರ ಲೆಕ್ಕಕ್ಕೆ?

“ಕಾಡು ಕಾಯೋರೇ ಕಾಡಿಗೆ ಬೆಂಕಿ ಹಾಕ್ತಿದಾರಲ್ಲ ಭಾವ, ಇದೇನು?”

ಬೆಂಗಳೂರಿನಿಂದ ಬಂದಿದ್ದ ನನ್ನ ಹೆಂಡತಿಯ ತಮ್ಮ ಕೇಳಿದ. ಜನವರಿ ಕೊನೆಯ ವಾರ, ಕಾಫಿ ಕೊಯ್ಲಿನ ಗಡಿಬಿಡಿ. ಕುಟ್ಟದ ಹತ್ತಿರ ನಮ್ಮ ತೋಟ ಮುಗಿಯುವಲ್ಲಿ ನಾಗರಹೊಳೆ ಕಾಡು ಶುರುವಾಗುತ್ತದೆ. ನಡುವೆ ಒಂದು ಆನೆ ಕಂದಕ, ಒಂದು ಸೋಲಾರ್ ಬೇಲಿ, ಅದರಾಚೆ ಜೀಪ್ ರಸ್ತೆ. ರಸ್ತೆಯ ಎರಡೂ ಬದಿ ಹುಲ್ಲು, ಪೊದೆ ಸವರಿ ಒಣಗಲು ಬಿಟ್ಟಿದ್ದರು. ಈಗ ಅದಕ್ಕೆ ಬೆಂಕಿ ಕೊಡುತ್ತಿದ್ದರು. ಒಬ್ಬರು ಹುಲ್ಲಿನ ಸೂಡಿ ಹಿಡಿದು ಮುಂದೆ ನಡೆದರೆ, ಹಿಂದೆ ಏಳೆಂಟು ಜನ ಹಸಿ ಸೊಪ್ಪಿನ ಕೊಂಬೆ ಹಿಡಿದು ಅಂಚಿನಲ್ಲಿ ಬಡಿಯುತ್ತಾ ಬರುತ್ತಿದ್ದರು. ಬೆಂಕಿ ರಸ್ತೆಯ ಪಕ್ಕದ ಆ ಪಟ್ಟಿ ಬಿಟ್ಟು ಒಂದು ಗೇಣೂ ಒಳಗೆ ಹೋಗದಂತೆ ನೋಡಿಕೊಳ್ಳುವುದು ಅವರ ಕೆಲಸ.

ಇದು ಬೆಂಕಿ ರೇಖೆ. ಫೈರ್ ಲೈನ್ ಅಂತಲೇ ಎಲ್ಲರೂ ಹೇಳುವುದು. ನಮ್ಮ ಕಾಡಿನ ಬೆಂಕಿ ಹೆಚ್ಚಾಗಿ ನೆಲದ ಮೇಲೆ ಹರಿಯುವ ಬೆಂಕಿ. ತರಗೆಲೆ, ಒಣ ಹುಲ್ಲು, ಸತ್ತ ಬಿದಿರು ಅದರ ಆಹಾರ. ಮೊದಲೇ ಸುಟ್ಟು ಬೋಳು ಮಾಡಿದ ಪಟ್ಟಿಗೆ ಬಂದಾಗ ತಿನ್ನಲು ಏನೂ ಸಿಗದೆ ಅದು ಅಲ್ಲೇ ಆರುತ್ತದೆ. ಗಾಳಿ ಜೋರಿದ್ದರೆ ಕಿಡಿ ಹಾರಿ ಆಚೆಗೂ ಬೀಳಬಹುದು. ಆಗಲೂ ಈ ಪಟ್ಟಿ ಬೇಕು. ಇಲ್ಲಿ ನಿಂತೇ ಎದುರು ಬೆಂಕಿ ಕೊಡುತ್ತಾರೆ. ದೊಡ್ಡ ಬೆಂಕಿ ಗಾಳಿಯನ್ನು ತನ್ನ ಕಡೆ ಎಳೆದುಕೊಳ್ಳುತ್ತದೆ, ಅದರ ಜೊತೆ ಚಿಕ್ಕ ಬೆಂಕಿಯೂ ಹೋಗುತ್ತದೆ. ಎರಡೂ ಸೇರುವ ಹೊತ್ತಿಗೆ ನಡುವೆ ಉಳಿಯುವುದು ಬೂದಿ ಮಾತ್ರ.

ಇದಕ್ಕೆ ಹೊತ್ತು ಗೊತ್ತು ಎಲ್ಲ ಇದೆ. ಮಂಜಿನ ಪಸೆ ಜಾಸ್ತಿ ಇದ್ದರೆ ಹತ್ತುವುದಿಲ್ಲ. ಪೂರ್ತಿ ಆರಿದರೆ ಕೈಮೀರುತ್ತದೆ. ಜನವರಿ, ಫೆಬ್ರವರಿಯ ಕೆಲವೇ ವಾರಗಳು ಅಷ್ಟೇ. 2019ರ ಫೆಬ್ರವರಿಯಲ್ಲಿ ಪಕ್ಕದ ಬಂಡೀಪುರ ಸಾವಿರಾರು ಎಕರೆ ಸುಟ್ಟದ್ದು ನೆನಪಿರಬೇಕಲ್ವಾ.

ಭಾವಮೈದುನನ ಮುಂದಿನ ಪ್ರಶ್ನೆ ವಾಚರ್ ಒಬ್ಬರಿಗೆ. “ಅಣ್ಣ, ನಿಮಗೆ ಸಂಬಳ ನಾವು ಕೊಟ್ಟ ಸಫಾರಿ ಟಿಕೆಟ್ ದುಡ್ಡಲ್ಲೇ ಅಲ್ವಾ?”

ಅವರು ಕೊಂಬೆ ಕೆಳಗಿಟ್ಟು, ಹೊಗೆಗೆ ಕೆಂಪಾದ ಕಣ್ಣು ಒರೆಸಿಕೊಂಡರು. “ಎಲ್ಲಿಂದ ಬರುತ್ತೋ ಗೊತ್ತಿಲ್ಲ ಸಾರ್. ಬಂದಾಗ ಬರುತ್ತೆ.”

ಈ ‘ಬಂದಾಗ ಬರುತ್ತೆ’ ಅನ್ನುವುದನ್ನು ಸ್ವಲ್ಪ ಬಿಡಿಸಿ ನೋಡಬೇಕು. ರಾಷ್ಟ್ರೀಯ ಉದ್ಯಾನದ ಬಗ್ಗೆ ನಾವು ಜಗಳ ಆಡುವಾಗಲೆಲ್ಲ ಹುಲಿ, ಆನೆ, ಹಾಡಿ (ಕಾಡಿನ ಬುಡಕಟ್ಟು ಜನರ ಕೇರಿ), ರೆಸಾರ್ಟ್ ಅಂತೇವೆ. ಹಣದ ದಾರಿ ಯಾರೂ ನೋಡುವುದಿಲ್ಲ.

ನಾಲ್ಕೇರಿ, ಅರಕೇರಿ ಮುಂತಾದ ಕಾಡುಗಳು ಸೇರಿ 1955ರಲ್ಲಿ ನಾಗರಹೊಳೆ ಅಭಯಾರಣ್ಯ ಆದಾಗ ಕೊಡಗು ಇನ್ನೂ ಪ್ರತ್ಯೇಕ ರಾಜ್ಯ. ಆಮೇಲೆ ಮೈಸೂರು ಕಡೆಯ ಕಾಡು ಸೇರಿತು. 1988ರಲ್ಲಿ ರಾಷ್ಟ್ರೀಯ ಉದ್ಯಾನ, 1999ರಲ್ಲಿ ಹುಲಿ ಯೋಜನೆಗೆ ಸೇರ್ಪಡೆ. ಇವತ್ತು ಉದ್ಯಾನ 643 ಚದರ ಕಿಲೋಮೀಟರ್. ಹುಲಿ ಯೋಜನೆಯ ದಿನನಿತ್ಯದ ಖರ್ಚನ್ನು ಕೇಂದ್ರ, ರಾಜ್ಯ ಎರಡೂ ಹಂಚಿಕೊಳ್ಳುತ್ತವೆ. ಇದಲ್ಲದೆ ರಾಜ್ಯದ ಬಜೆಟ್, ಬೇರೆಲ್ಲೋ ಅಣೆಕಟ್ಟಿಗೋ ಗಣಿಗೋ ಕಾಡು ಕೊಟ್ಟಿದ್ದಕ್ಕೆ ಬದಲಾಗಿ ಕಟ್ಟಿಸಿಕೊಂಡ ಹಣ, ಆಮೇಲೆ ಟಿಕೆಟ್ ಹಣ. 2006ರಲ್ಲಿ ವನ್ಯಜೀವಿ ಕಾಯ್ದೆ ತಿದ್ದಿದಾಗ ಪ್ರತಿ ಹುಲಿ ಮೀಸಲಿಗೂ ಒಂದು ಪ್ರತಿಷ್ಠಾನ ಇರಬೇಕು ಅಂತ ಬರೆದರು. ಪ್ರವಾಸಿಗರಿಂದ ಬಂದದ್ದು ಅಲ್ಲೇ ಖರ್ಚಾಗಲಿ ಅನ್ನುವ ಉದ್ದೇಶ. ಒಳ್ಳೆಯ ಯೋಚನೆಯೇ.

ತೊಂದರೆ ಏನೆಂದರೆ ಕಾಡಿನ ವರ್ಷ ಬೇರೆ, ಕಚೇರಿಯ ವರ್ಷ ಬೇರೆ. ಕಚೇರಿಗೆ ಏಪ್ರಿಲ್‌ನಲ್ಲಿ ಹೊಸ ವರ್ಷ. ಯೋಜನೆ ಬರೆದು ಕಳಿಸಬೇಕು, ಮಂಜೂರಾಗಬೇಕು, ಕೇಂದ್ರದ ಕಂತು ಬರಬೇಕು, ಅದಕ್ಕೆ ರಾಜ್ಯದ ಪಾಲು ಸೇರಬೇಕು. ಇದರಲ್ಲಿ ಒಂದು ಕಡೆ ತಡವಾದರೂ ಕೆಳಗಿನವರಿಗೆ ತಗಲುತ್ತದೆ. ಬೆಂಕಿ ರೇಖೆಯ ಕೆಲಸವನ್ನು ಮಾತ್ರ ಮಾರ್ಚ್‌ಗೆ ಹಾಕೋಣ ಅನ್ನುವಂತಿಲ್ಲ. ಹಾಗಾಗಿ ಕೆಲಸ ಮೊದಲು ಆಗುತ್ತದೆ, ಕೂಲಿ ಆಮೇಲೆ. ಅಷ್ಟು ದಿನ ಸರ್ಕಾರಕ್ಕೆ ಸಾಲ ಕೊಟ್ಟವರು ಯಾರು ಹೇಳಿ? ಕೊಂಬೆ ಹಿಡಿದು ಬಡಿಯುತ್ತಿದ್ದ ಆ ಮನುಷ್ಯ.

ಟಿಕೆಟ್ ಹಣದಿಂದಲೇ ಕಾಡು ನಡೆಯಲಿ ಅನ್ನುವವರು ಬಹಳ ಇದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ಕೋರ್, ಅಂದರೆ ಹುಲಿ ಮೀಸಲಿನ ಒಳಭಾಗದ, ಶೇಕಡಾ 20ಕ್ಕಿಂತ ಹೆಚ್ಚು ಜಾಗ ಪ್ರವಾಸಕ್ಕೆ ಬಳಸಬಾರದು ಅನ್ನುವುದು 2012ರ ನಿಯಮ. ಅಂದರೆ ಕಾಡಿನ ಬಹುಪಾಲು ಯಾವತ್ತೂ ಟಿಕೆಟ್ ತರುವುದಿಲ್ಲ, ತರಬಾರದು ಕೂಡ. ಅದೇ ವರ್ಷ ಸುಪ್ರೀಂ ಕೋರ್ಟ್ ಕೆಲವು ತಿಂಗಳು ಕೋರ್‌ನಲ್ಲಿ ಪ್ರವಾಸ ನಿಲ್ಲಿಸಿತ್ತು. 2020ರಲ್ಲಿ ಕೊರೋನಾ ಬಂತು, ಗೇಟು ಮುಚ್ಚಿತು. 2025ರ ನವೆಂಬರ್‌ನಲ್ಲಿ ಸರಗೂರು ಕಡೆ ಹುಲಿ ದಾಳಿಗೆ ರೈತರು ಸತ್ತಾಗ ನಾಗರಹೊಳೆ, ಬಂಡೀಪುರ ಎರಡರಲ್ಲೂ ಸರ್ಕಾರ ಸಫಾರಿ ನಿಲ್ಲಿಸಿತು. ಸಫಾರಿಗೆ ಹಾಕಿದ್ದ ಸಿಬ್ಬಂದಿಯನ್ನೂ ಹುಲಿ ಹುಡುಕುವ ಕೆಲಸಕ್ಕೆ ಕಳಿಸಿತು. ಜನ ಬರದ ದಿನವೇ ಕಾಡಿಗೆ ಜನ ಜಾಸ್ತಿ ಬೇಕಾಗುತ್ತದೆ. ಹೋಟೆಲಿನ ಗಲ್ಲಾಪೆಟ್ಟಿಗೆ ನಂಬಿ ಆಸ್ಪತ್ರೆ ನಡೆಸಿದ ಹಾಗೆ ಇದು.

ಹಾಗಿದ್ದರೆ ಇಷ್ಟೆಲ್ಲ ಹಣ ಹೋಗುವುದು ಎಲ್ಲಿಗೆ? ಹುಲಿಯ ಲೆಕ್ಕದಿಂದ ನೋಡೋಣ.

ಒಂದು ಹುಲಿಗೆ ವರ್ಷಕ್ಕೆ ಸುಮಾರು 50 ದೊಡ್ಡ ಬೇಟೆ ಬೇಕು. ಜಿಂಕೆ, ಕಡವೆ, ಕಾಟಿ, ಕಾಡುಹಂದಿ. ಹುಲಿಗಳು ಒಂದು ಜಾಗದ ಬೇಟೆಪ್ರಾಣಿಗಳಲ್ಲಿ ವರ್ಷಕ್ಕೆ ಹೆಚ್ಚುಕಡಿಮೆ ನೂರಕ್ಕೆ ಹತ್ತನ್ನು ತೆಗೆಯುತ್ತವೆ ಅನ್ನುವುದು ಹುಲಿ ಸಂಶೋಧಕ ಉಲ್ಲಾಸ ಕಾರಂತ ಮತ್ತು ಜೊತೆಗಾರರ ಲೆಕ್ಕ. ಅಂದರೆ ಒಂದು ಹುಲಿಯ ಹಿಂದೆ 500 ಪ್ರಾಣಿಗಳ ಅಸಲು ಇರಬೇಕು. ಅದರ ಬಡ್ಡಿಯಲ್ಲಿ ಅದು ಬದುಕುತ್ತದೆ. 2022ರ ಗಣತಿಯಲ್ಲಿ ನಾಗರಹೊಳೆಯ ಅಂದಾಜು 141 ಹುಲಿ. ಗುಣಿಸಿ ನೋಡಿ, ಎಪ್ಪತ್ತು ಸಾವಿರ ಪ್ರಾಣಿ. ಕಳ್ಳಬೇಟೆಯವನು ಹುಲಿಯನ್ನು ಮುಟ್ಟದೆ ಬರೀ ಜಿಂಕೆ ಹೊಡೆದರೂ ಅಸಲು ಕರಗಿತು. ಅದಕ್ಕೇ ಕಾಡಿನ ಮೂಲೆಮೂಲೆಯಲ್ಲಿ ಕಳ್ಳಬೇಟೆ ತಡೆ ಶಿಬಿರ, ಅಲ್ಲಿ ಅಕ್ಕಿ ಬೇಳೆ ಹೊತ್ತುಕೊಂಡು ಹೋಗಿ ಕೂರುವ ಜನ.

ಈ 141ರ ಲೆಕ್ಕ ಹೇಗೆ ಬಂತು ಅನ್ನುವುದೂ ನಾಗರಹೊಳೆಯದೇ ಕತೆ. ಮೊದಲು ಹೆಜ್ಜೆ ಗುರುತು ಅಚ್ಚು ತೆಗೆದು ಎಣಿಸುತ್ತಿದ್ದರು. ಅದೇ ಹುಲಿಯ ಹೆಜ್ಜೆ ಮಣ್ಣಿನಲ್ಲಿ ಒಂದು ಥರ, ಕೆಸರಿನಲ್ಲಿ ಇನ್ನೊಂದು ಥರ. 1990ರ ದಶಕದಲ್ಲಿ ಕಾರಂತರು ಇಲ್ಲಿ ಕ್ಯಾಮೆರಾ ಇಟ್ಟು ಎಣಿಸಿದರು. ಹುಲಿಯ ಪಟ್ಟೆ ನಮ್ಮ ಬೆರಳಚ್ಚಿನ ಹಾಗೆ, ಎಡಕ್ಕೊಂದು ಬಲಕ್ಕೊಂದು. ಹಾಗಾಗಿ ದಾರಿಯ ಎರಡೂ ಬದಿ ಜೋಡಿ ಕ್ಯಾಮೆರಾ. ಅದೇ ಹುಲಿ ಮತ್ತೆ ಮತ್ತೆ ಸಿಕ್ಕರೆ ಇರುವುದೇ ಅಷ್ಟು, ಪ್ರತಿಸಲ ಹೊಸ ಹುಲಿ ಸಿಕ್ಕರೆ ಕಣ್ಣಿಗೆ ಬೀಳದವು ಇನ್ನೂ ಇವೆ. ಕಾಣದ ಹುಲಿಯನ್ನೂ ಹೀಗೆ ಲೆಕ್ಕಕ್ಕೆ ತರಬಹುದು. ರಾಜಸ್ಥಾನದ ಸರಿಸ್ಕಾದಲ್ಲಿ ಕಾಗದದ ಮೇಲೆ ಹುಲಿಗಳಿದ್ದು ಕಾಡಿನಲ್ಲಿ ಒಂದೂ ಇಲ್ಲ ಅಂತ 2005ರಲ್ಲಿ ಗೊತ್ತಾದ ಮೇಲೆ ದೇಶವೇ ಕ್ಯಾಮೆರಾಗೆ ಬದಲಾಯಿತು. 2022ರಲ್ಲಿ 32 ಸಾವಿರಕ್ಕೂ ಹೆಚ್ಚು ಕಡೆ ಕ್ಯಾಮೆರಾ ಇಟ್ಟಿದ್ದರು. ಇದೂ ಖರ್ಚೇ. ಆದರೆ ಎಣಿಸದೆ ಕಾದೆವು ಅನ್ನುವುದಕ್ಕೆ ಅರ್ಥವಿಲ್ಲ.

ಜಿಂಕೆಗೆ ಹುಲ್ಲು ಬೇಕು. ನಾಗರಹೊಳೆಯ ತಗ್ಗಿನಲ್ಲಿ ಅಲ್ಲಲ್ಲಿ ಹಡ್ಲುಗಳಿವೆ. ನೀರು ನಿಲ್ಲುವ, ಬೇಸಿಗೆಯಲ್ಲೂ ಹಸಿರಾಗಿರುವ ಬಯಲು. ಸಂಜೆ ಅಲ್ಲಿ ಜಿಂಕೆ ಹಿಂಡು ನೋಡಬೇಕು. ಆದರೆ ಹಡ್ಲಿನ ಅಂಚಿನಿಂದಲೇ ಲಂಟಾನ ಅನ್ನುವ ಕಳೆ ಪೊದೆ ಏರಿ ಬರುತ್ತಿದೆ, ಈಚೆಗೆ ಹಳದಿ ಹೂವಿನ ಸೆನ್ನಾ ಮರವೂ. ಲಂಟಾನದ ಅಡಿ ಹುಲ್ಲು ಏಳುವುದಿಲ್ಲ. ಸೆನ್ನಾ ಕಡಿದರೆ ಬುಡದಿಂದ ನಾಲ್ಕು ಚಿಗುರು. ಬೇರು ಸಮೇತ ಕೀಳಬೇಕು, ಮೂರ್ನಾಲ್ಕು ವರ್ಷ ಬಿಡದೆ ಬೆನ್ನು ಹತ್ತಬೇಕು. ಒಂದು ವರ್ಷ ಹಣ ಬಂದು ಮರುವರ್ಷ ಬರದಿದ್ದರೆ ಮೊದಲಿನದೂ ದಂಡ.

ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಇದಕ್ಕೊಂದು ಕಾರಣ ಹೇಳುತ್ತಾರೆ. ಹಿಂದೆ ನಾವು ‘ತರಗು ಬೆಂಕಿ’ ಕೊಡುತ್ತಿದ್ದೆವು, ವರ್ಷದ ಮೊದಲಲ್ಲೇ, ತಣ್ಣಗಿರುವಾಗ. ಅದು ಲಂಟಾನದ ಎಳೆ ಗಿಡ ತಿನ್ನುತ್ತಿತ್ತು. ನೀವು ಬೆಂಕಿ ನಿಲ್ಲಿಸಿದಿರಿ, ಲಂಟಾನ ಕಾಡು ತಿಂದಿತು ಅಂತ. ಸಂಶೋಧಕರೂ ಈ ಮಾತನ್ನು ಗಂಭೀರವಾಗಿ ತೆಗೆದುಕೊಂಡಿದ್ದಾರೆ. ಈಗ ಎದೆಮಟ್ಟ ಬೆಳೆದ ಲಂಟಾನಕ್ಕೆ ಬೆಂಕಿ ಬಿದ್ದರೆ ಅದು ತರಗು ಬೆಂಕಿ ಆಗುವುದಿಲ್ಲ, ಮರದ ತಲೆಗೇ ಹತ್ತುತ್ತದೆ, ಆ ಮಾತು ಬೇರೆ. ಆದರೂ ಕಾಡಿನಲ್ಲೇ ಬದುಕಿದವರ ತಿಳಿವಳಿಕೆಗೆ ದಿನಗೂಲಿ ವಾಚರ್ ಕೆಲಸ ಬಿಟ್ಟು ಬೇರೆ ಜಾಗವೇ ಇಲ್ಲ ಅನ್ನುವುದು ನನಗೆ ಚುಚ್ಚುವ ವಿಷಯ.

ನಮ್ಮ ಕಡೆ ಅವರು ಜೇನುಕುರುಬರು, ಬೆಟ್ಟಕುರುಬರು, ಯರವರು. 1990ರ ದಶಕದಲ್ಲಿ ಮೂರ್ಕಲ್‌ನಲ್ಲಿ ಒಂದು ಹೋಟೆಲ್ ಕಂಪನಿಗೆ ಜಾಗ ಗುತ್ತಿಗೆ ಕೊಟ್ಟಾಗ ಎದ್ದು ನಿಂತವರು ಇವರೇ. ಹೈಕೋರ್ಟ್ ಅದನ್ನು ನಿಲ್ಲಿಸಿತು. ಕಾಡಿನಿಂದ ಹೊರಬರುವ ಕುಟುಂಬಕ್ಕೆ ಪರಿಹಾರ ಮೊದಲು 10 ಲಕ್ಷ ಇತ್ತು, 2021ರಿಂದ 15 ಲಕ್ಷ. ಶಾಲೆ, ಆಸ್ಪತ್ರೆ ಹತ್ತಿರ ಸಿಗಲಿ ಅಂತ ಮನಸಾರೆ ಹೋದವರಿದ್ದಾರೆ. ಹೋಗಿ ಒಗ್ಗದೆ ಕಾಫಿ ತೋಟದ ಲೈನ್ ಮನೆ (ಕೂಲಿಯವರ ಸಾಲು ಮನೆ) ಸೇರಿದವರೂ ಇದ್ದಾರೆ. 2025ರ ಮೇ ತಿಂಗಳಲ್ಲಿ ಐವತ್ತಕ್ಕೂ ಹೆಚ್ಚು ಜೇನುಕುರುಬ ಕುಟುಂಬಗಳು ಕರಡಿಕಲ್ಲು ಅತ್ತೂರುಕೊಲ್ಲಿಗೆ ವಾಪಸ್ ಬಂದವು. ನಮ್ಮ ಹಿರಿಯರನ್ನು ಇಲ್ಲಿಂದಲೇ ಎಬ್ಬಿಸಿದ್ದು ಅನ್ನುವುದು ಅವರ ಮಾತು. 2006ರ ಅರಣ್ಯ ಹಕ್ಕು ಕಾಯ್ದೆ ಪ್ರಕಾರ ಹಕ್ಕು ಇತ್ಯರ್ಥ ಆಗದೆ, ಗ್ರಾಮಸಭೆ ಒಪ್ಪದೆ ಯಾರನ್ನೂ ಕದಲಿಸುವಂತಿಲ್ಲ. ಕಾನೂನು ಇಷ್ಟು ಸ್ಪಷ್ಟ ಇದ್ದೂ ಅರ್ಜಿಗಳು ವರ್ಷಗಟ್ಟಲೆ ಕೂತರೆ ಜನ ಏನು ಮಾಡಬೇಕು?

ಇನ್ನು ನಮ್ಮ ತೋಟದ ಲೆಕ್ಕ. ಹೋದ ವರ್ಷ ಒಂದು ರಾತ್ರಿ ಮೂರು ಆನೆ ಬಂದವು. ಹಲಸಿನ ವಾಸನೆಗೆ. ಹೋಗುವಾಗ ನೀರಿನ ಪೈಪು, ನಲವತ್ತು ರೋಬಸ್ಟಾ ಕಾಫಿ ಗಿಡ. ಬುಡಸಮೇತ ಮಗುಚಿದ ಗಿಡದಲ್ಲಿ ಹಸಿ ಕಾಯಿ ಹಾಗೇ ಇತ್ತು. ಬದಲಿಗೆ ಇಟ್ಟ ಗಿಡ ಫಸಲು ಕೊಡಲು ಮೂರು ನಾಲ್ಕು ವರ್ಷ ಬೇಕು. ಫೋಟೋ, ಪಹಣಿ, ಅರ್ಜಿ ಎಲ್ಲ ಕೊಟ್ಟೆ. ಕಚೇರಿಗೆ ನಾಲ್ಕು ಸಲ ಹೋಗಿ ಬಂದೆ. ಐದನೇ ಸಲ ಹೋಗಲಿಲ್ಲ. ಕೊಯ್ಲು ಬಿಟ್ಟು ಹೋಗುವ ಕೂಲಿಯೇ ಪರಿಹಾರಕ್ಕಿಂತ ಜಾಸ್ತಿ. ನನ್ನದು ಬರೀ ಗಿಡ. ಬೆಳಿಗ್ಗೆ ಕೆಲಸಕ್ಕೆ ಬರುವ ದಾರಿಯಲ್ಲಿ ಆನೆಗೆ ಸಿಕ್ಕಿ ಸತ್ತವರ ಮನೆಗಳು ಈ ತಾಲೂಕಿನಲ್ಲಿ ಒಂದೆರಡಲ್ಲ.

ಹಳೇ ರೈಲು ಕಂಬಿಯ ಬ್ಯಾರಿಕೇಡ್ ಹಾಕಲು ಕಿಲೋಮೀಟರಿಗೆ ಕೋಟಿ ರೂಪಾಯಿಗೂ ಮೇಲೆ ಬೇಕು. ಅದನ್ನೂ ದಾಟಲು ಕಲಿತ ಆನೆಗಳಿವೆ. 2018ರ ಡಿಸೆಂಬರ್‌ನಲ್ಲಿ ವೀರನಹೊಸಹಳ್ಳಿ ಹತ್ತಿರ ಒಂದು ಸಲಗ ಹೀಗೆ ದಾಟಲು ಹೋಗಿ ಕಂಬಿಯ ಮೇಲೇ ಸತ್ತಿತು.

ರಾತ್ರಿ ಊಟಕ್ಕೆ ಕೂತಾಗ ಭಾವಮೈದುನ ಮತ್ತೆ ಶುರು ಮಾಡಿದ. “ಹಾಗಾದ್ರೆ ಯಾರು ಕೊಡ್ಬೇಕು ಭಾವ?”

“ನೀನೇ,” ಅಂದೆ.

ಸುಮ್ನೆ ಹೇಳಿದ್ದಲ್ಲ. ನಾಗರಹೊಳೆ ಅನ್ನುವ ಹೊಳೆ ಕಬಿನಿಗೆ ಸೇರುತ್ತದೆ. ಕಬಿನಿ ತಿರುಮಕೂಡಲು ನರಸೀಪುರದಲ್ಲಿ ಕಾವೇರಿಗೆ. ಅಲ್ಲಿಂದ ಕೆಳಗೆ ಶಿವನಸಮುದ್ರದ ಹತ್ತಿರ ನೀರೆತ್ತಿ, ತೊರೆಕಾಡನಹಳ್ಳಿಯಲ್ಲಿ ಶುದ್ಧ ಮಾಡಿ ಬೆಂಗಳೂರಿಗೆ ಪಂಪ್ ಮಾಡುತ್ತಾರೆ. ಇರ್ಪುವಿನ ಲಕ್ಷ್ಮಣತೀರ್ಥ ಕನ್ನಂಬಾಡಿ ಮೂಲಕ ಅಲ್ಲಿಗೇ ಹೋಗುತ್ತದೆ. ಕಾಡು ಮಳೆ ನೀರನ್ನು ಹೆಚ್ಚು ಮಾಡುತ್ತದೆ ಅನ್ನುವುದು ಪೂರ್ತಿ ನಿಜವಲ್ಲ. ಮರಗಳೂ ಬಹಳ ನೀರು ಕುಡಿಯುತ್ತವೆ. ಆದರೆ ತರಗೆಲೆ ಮೊದಲ ಪೆಟ್ಟು ತಾನು ತಿನ್ನುತ್ತದೆ. ಬೇರು ಕೊರೆದ ದಾರಿಯಲ್ಲಿ, ಗೆದ್ದಲಿನ ತೂತಿನಲ್ಲಿ ನೀರು ಇಳಿಯುತ್ತದೆ. ಜುಲೈನಲ್ಲಿ ಬಿದ್ದದ್ದರಲ್ಲಿ ಒಂದಿಷ್ಟು ಜನವರಿಯಲ್ಲಿ ತೊರೆಗೆ ಬರುತ್ತದೆ, ಮಣ್ಣಿಲ್ಲದೆ. ಇದಕ್ಕೆ ಯಾರೂ ಬಿಲ್ ಹಾಕಿಲ್ಲ.

ಹಾಕುವ ಮಾತು ಒಮ್ಮೆ ಬಂದಿತ್ತು. 2024ರ ನವೆಂಬರ್‌ನಲ್ಲಿ ಅರಣ್ಯ ಸಚಿವ ಈಶ್ವರ ಖಂಡ್ರೆ, ಪಶ್ಚಿಮ ಘಟ್ಟದ ನೀರು ಕುಡಿಯುವ ಊರುಗಳ ನೀರಿನ ಬಿಲ್ ಮೇಲೆ ಎರಡು ಮೂರು ರೂಪಾಯಿ ಹಸಿರು ಸೆಸ್ ಹಾಕುವ ಪ್ರಸ್ತಾವ ತಯಾರಿಸಿ ಅಂದರು. ಎರಡು ದಿನ ಗಲಾಟೆ ಆಯಿತು. ಇನ್ನೊಂದು ತೆರಿಗೆ ಅಂತ ಬೈದರು. ನನಗಂತೂ ಸಫಾರಿ ಟಿಕೆಟ್‌ಗಿಂತ ಇದು ನ್ಯಾಯ ಅನ್ನಿಸಿತು. ನೀರು ವರ್ಷವಿಡೀ ಬೇಕು, ಹಾಗಾಗಿ ಹಣವೂ ವರ್ಷವಿಡೀ ಬರುತ್ತದೆ. ಹುಲಿ ಕಾಣಲಿ ಬಿಡಲಿ.

ಭಾವಮೈದುನ ಅನ್ನ ಕಲಸುತ್ತಾ ಯೋಚಿಸಿದ. “ಮೂರು ರೂಪಾಯಿ ಕೊಡೋಕೆ ನಂಗೇನೂ ಇಲ್ಲ. ಅದು ಬೆಂಗಳೂರಲ್ಲೇ ಯಾವುದಾದರೂ ಕಟ್ಟಡಕ್ಕೆ ಹೋಗಲ್ಲ ಅಂತ ಏನು ಗ್ಯಾರಂಟಿ?”

ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಹುಲಿ ಪ್ರತಿಷ್ಠಾನದ ಖಾತೆಗೇ ನೇರ ಹೋಗಬೇಕು, ಗ್ರಾಮ ಪಂಚಾಯ್ತಿಯ ಗೋಡೆಯ ಮೇಲೆ ಲೆಕ್ಕ ಅಂಟಿಸಬೇಕು, ಮೊದಲ ಪಾಲು ಜನವರಿಯ ಕೂಲಿಗೆ, ಎರಡನೆಯದು ಪರಿಹಾರದ ಅರ್ಜಿಗಳಿಗೆ ಅಂತೆಲ್ಲ ಹೇಳುತ್ತಿದ್ದೆ. ಅಷ್ಟರಲ್ಲಿ ಕಂದಕದ ಕಡೆ ಪಟಾಕಿ ಸದ್ದು ಕೇಳಿಸಿತು. ಲೈನ್ ಮನೆಯವರು ಕೂಗಿದರು. ತಟ್ಟೆ ಬಿಟ್ಟು ಟಾರ್ಚ್ ಹುಡುಕಲು ಎದ್ದೆ.